ಅರಿಶಿನ ಬಣ್ಣದ ಮೈಸೂರು ಸಿಲ್ಕ್

"ನಿಮ್ಮ ಬಣ್ಣಕ್ಕೆ ಇದು ಒಪ್ಪಲ್ಲ ಮೇಡಂ." ಒಂದು ಅಂಗಡಿಯಲ್ಲಿ ಹಾಗಂದು ನನ್ನ ಕೈಯಲ್ಲಿದ್ದ ಅರಿಶಿನ ಬಣ್ಣದ ಸೀರೆ ಒಳಗಿಟ್ಟಿದ್ದರು. ಆ ಮಾತು ವರ್ಷಗಟ್ಟಲೆ ತಲೆಯಲ್ಲಿ ಕೂತಿತ್ತು. ಬರೀ ಬೂದು, ಕಂದು ಉಡುತ್ತಿದ್ದೆ.

ಕಳೆದ ತಿಂಗಳು ಮೈಸೂರಿನ ಮಾನಂದವಾಡಿ ರಸ್ತೆಯ ರೇಷ್ಮೆ ಕಾರ್ಖಾನೆಯ ಮಳಿಗೆಗೆ ಹೋದೆ. 1912ರಲ್ಲಿ ಶುರುವಾದ ಕಾರ್ಖಾನೆ ಅದು. ಈ ಸಲ ಯಾರನ್ನೂ ಕೇಳಲಿಲ್ಲ. ಅರಿಶಿನ ಬಣ್ಣದ್ದೇ ತೆಗೆಸಿದೆ. ಹೆಗಲ ಮೇಲೆ ಹಾಕಿಕೊಂಡು ಬಾಗಿಲ ಬೆಳಕಲ್ಲಿ ನಿಂತು ನೋಡಿದೆ. ನನ್ನ ಕಪ್ಪು ಕೈ ಮೇಲೆ ಆ ಬಣ್ಣ ದೀಪ ಹಚ್ಚಿದ ಹಾಗೆ ಕಾಣುತ್ತಿತ್ತು.

ಇದು ಕ್ರೇಪ್ ರೇಷ್ಮೆ. ನೂಲನ್ನು ಬಿಗಿಯಾಗಿ ಹುರಿ ಮಾಡಿ ನೇಯುವುದರಿಂದ ಸೆಟೆದು ನಿಲ್ಲುವುದಿಲ್ಲ, ನೆರಿಗೆ ತಾನಾಗೇ ಬೀಳುತ್ತದೆ. ಅಂಚು ಎರಡೇ ಬೆರಳು ಅಗಲ. ದೊಡ್ಡ ಅಂಚು ಇಷ್ಟಪಡುವವರಿಗೆ ಸಪ್ಪೆ ಅನಿಸಬಹುದು. ಬೆಲೆ ಜಾಸ್ತಿನೇ, ಜರಿಯಲ್ಲಿ ನಿಜವಾದ ಬೆಳ್ಳಿ, ಚಿನ್ನ ಇದೆ ಅಲ್ವಾ. ನಾನು ಎರಡು ವರ್ಷ ಚೀಟಿ ಕಟ್ಟಿದ್ದೆ. ನಕಲಿಯೂ ಸಿಗುತ್ತದೆ, ಹಾಗಾಗಿ ಸೀರೆಯ ಮೇಲೆ ಕಸೂತಿಯಲ್ಲಿ ಹಾಕಿದ ಸಂಖ್ಯೆ, ಹೊಲೋಗ್ರಾಮ್ ಎರಡನ್ನೂ ನೋಡಿಕೊಳ್ಳಿ.

ಮೊನ್ನೆ ಅಕ್ಕನ ಮಗಳ ನಿಶ್ಚಿತಾರ್ಥಕ್ಕೆ ಮಂಡ್ಯಕ್ಕೆ ಉಟ್ಟುಕೊಂಡು ಹೋದೆ. ರವಿಕೆ ಕಡು ಹಸಿರು, ಮೊಣಕೈ ತನಕ ತೋಳು. ಬಸ್ಸಿನಿಂದ ಇಳಿದಾಗಲೂ ನೆರಿಗೆ ಹಾಗೇ ಇತ್ತು.