ವೊಯ್ನಿಚ್ ಹಸ್ತಪ್ರತಿಯ ಯೇಲ್ ಆವೃತ್ತಿ: ಗಿಡ ಬಲ್ಲವರೊಬ್ಬರು ಬೇಕಿತ್ತು

ನಾನು ಸಸ್ಯಶಾಸ್ತ್ರ ಪಾಠ ಹೇಳಿ ಬದುಕಿದವಳು. ವೊಯ್ನಿಚ್ ಹಸ್ತಪ್ರತಿಯೆಂದರೆ ಗೊತ್ತಿಲ್ಲದ ಲಿಪಿಯಲ್ಲಿ ಬರೆದ, ಗಿಡಗಳ ಚಿತ್ರ ತುಂಬಿದ, ಯುರೋಪಿನ ಹಳೆಯ ಕೈಬರಹದ ಪುಸ್ತಕ. ಅದರ ಈ ಪಡಿಯಚ್ಚನ್ನು ಕೊಂಡದ್ದೂ ಆ ಗಿಡಗಳಿಗಾಗಿಯೇ. ಲಿಪಿಯನ್ನಂತೂ ಯಾರೂ ಓದಿಲ್ಲ. ಯೇಲ್ ವಿಶ್ವವಿದ್ಯಾಲಯದ ಪ್ರಕಾಶನ 2016ರಲ್ಲಿ ತಂದ, ರೇಮಂಡ್ ಕ್ಲೆಮೆನ್ಸ್ ಸಂಪಾದಿಸಿದ ಆವೃತ್ತಿಯಿದು. ಚಿತ್ರಗಳ ಮುದ್ರಣಕ್ಕೆ ಹೆಸರಿಡುವಂತಿಲ್ಲ. ಮಡಿಕೆಯ ದೊಡ್ಡ ಹಾಳೆಗಳು ಮೂಲದಲ್ಲಿರುವಂತೆ ಬಿಚ್ಚಿಕೊಳ್ಳುತ್ತವೆ, ಅಂಚಿನಲ್ಲಿ ಪೆನ್ಸಿಲಿಗೆ ಧಾರಾಳ ಜಾಗವಿದೆ. ಆದರೆ ಕೊಟ್ಟ ಹಣ ಸಾರ್ಥಕವೆನಿಸಿದ್ದು ಜೊತೆಗಿರುವ ತಜ್ಞರ ಲೇಖನಗಳಿಂದ.

ಗೂಢಲಿಪಿ, ರಸವಿದ್ಯೆ, ಹಿಂದಿನ ಒಡೆಯರ ಚರಿತ್ರೆ ಎಲ್ಲಕ್ಕೂ ಆಯಾ ವಿಷಯ ಬಲ್ಲವರೇ ಬರೆದಿದ್ದಾರೆ. ನನಗೆ ಹೆಚ್ಚು ಹಿಡಿಸಿದ್ದು ಸಂರಕ್ಷಣಾ ತಜ್ಞರ ಬರಹ. ಹಾಳೆ ಕರುವಿನ ಚರ್ಮದ್ದು, ಶಾಯಿ ಕಬ್ಬಿಣದ ಲವಣ ಮತ್ತು ಮಾಚಿಕಾಯಿಯದು, ನೀಲಿ ಬಣ್ಣ ಅಜುರೈಟ್ ಖನಿಜದ್ದು. ಅರಿಜೋನಾ ವಿಶ್ವವಿದ್ಯಾಲಯದ ಇಂಗಾಲ ಪರೀಕ್ಷೆಯ ಪ್ರಕಾರ ಚರ್ಮ 1404ರಿಂದ 1438ರ ನಡುವಿನದು. ಅದು ಕರು ಬದುಕಿದ್ದ ಕಾಲವೇ ಹೊರತು ಬರೆದ ಕಾಲವಲ್ಲ. ತಮ್ಮ ವಿದ್ಯೆ ಎಲ್ಲಿಗೆ ನಿಲ್ಲುತ್ತದೆಯೋ ಅಲ್ಲಿಗೇ ಮಾತು ನಿಲ್ಲಿಸುವವರು ಈ ಹಸ್ತಪ್ರತಿಯ ಸುತ್ತ ಅಪರೂಪ.

ವಿಲಿಯಂ ನ್ಯೂಬೋಲ್ಡರನ್ನೇ ನೋಡಿ. ತತ್ವಶಾಸ್ತ್ರದ ಪ್ರಾಧ್ಯಾಪಕರು. ಅಕ್ಷರಗಳನ್ನು ಹಿಗ್ಗಿಸಿ ನೋಡಿದಾಗ ಕಂಡ ಸಣ್ಣ ಗೀರುಗಳನ್ನೇ ಗುಪ್ತ ಬರಹವೆಂದು ನಂಬಿ, ಇದು 13ನೆಯ ಶತಮಾನದ ಇಂಗ್ಲಿಷ್ ಪಂಡಿತ ರೋಜರ್ ಬೇಕನ್ನನ ಕೃತಿಯೆಂದು 1921ರಲ್ಲಿ ಸಾರಿದರು. ಹತ್ತು ವರ್ಷದ ಬಳಿಕ ಸಾಹಿತ್ಯ ವಿದ್ವಾಂಸ ಜಾನ್ ಮ್ಯಾನ್ಲಿ ತೋರಿಸಿಕೊಟ್ಟರು: ಒರಟು ಚರ್ಮದ ಮೇಲೆ ಶಾಯಿ ಒಣಗಿ ಬಿರಿದ ಗೆರೆಗಳವು, ಅಷ್ಟೇ. ಶಾಯಿಯ ಗುಣ ಬಲ್ಲ ಒಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡಿದ್ದರೆ ಆ ಶ್ರಮವೆಲ್ಲ ಉಳಿಯುತ್ತಿತ್ತು.

ನಮ್ಮ ಸಸ್ಯಶಾಸ್ತ್ರದವರೂ ಕಡಿಮೆಯಿಲ್ಲ. 93ನೆಯ ಹಾಳೆಯ ದೊಡ್ಡ ಹೂವನ್ನು ಸೂರ್ಯಕಾಂತಿ ಎಂದು ಗುರುತಿಸಿದ ಸಸ್ಯಶಾಸ್ತ್ರಜ್ಞ ಹ್ಯೂ ಓನೀಲ್, ಅದು ಅಮೆರಿಕದ ಗಿಡ, ಹಾಗಾಗಿ ಪುಸ್ತಕ ಕೊಲಂಬಸನ ನಂತರದ್ದೇ ಎಂದು 1944ರಲ್ಲಿ ಬರೆದರು. ಚಿತ್ರವನ್ನು ಎಷ್ಟು ಹೊತ್ತು ನೋಡಿದರೂ ಆ ಧೈರ್ಯ ನನಗೆ ಬರಲಿಲ್ಲ. ದುಂಡನೆಯ ಹೂ ಕಂಡಲ್ಲೆಲ್ಲ ಸೂರ್ಯಕಾಂತಿ ಎನ್ನಲಾಗದು. 9ನೆಯ ಹಾಳೆಯ ಹಿಂಬದಿಯ ಗಿಡ ವಯೋಲಾ ಜಾತಿಯದೆಂದರೆ ಒಪ್ಪಿಯೇನು. ಸೀಳೆಲೆ, ನೀಲಿ ಹೂ ಎರಡೂ ಹೊಂದುತ್ತವೆ. ಆದರೆ 33ನೆಯ ಹಾಳೆಯ ಗಿಡದ ಬೇರಿನಲ್ಲಿ ಎರಡು ಮನುಷ್ಯರ ತಲೆಗಳಿವೆ! ಅದಕ್ಕೆ ನನ್ನ ಬಳಿ ಉತ್ತರವಿಲ್ಲ. ಮಧ್ಯಯುಗದ ಮೂಲಿಕೆ ಗ್ರಂಥಗಳ ಚಿತ್ರಸಂಪ್ರದಾಯ ಬಲ್ಲ ಇತಿಹಾಸಕಾರರನ್ನು ಕೇಳಬೇಕು. ಹಸ್ತಪ್ರತಿಯ ಅರ್ಧದಷ್ಟು ಗಿಡಗಳೇ ತುಂಬಿರುವಾಗ ಸಸ್ಯಶಾಸ್ತ್ರದವರೊಬ್ಬರು, ಇಂಥ ಇತಿಹಾಸಕಾರರೊಬ್ಬರು ಜೊತೆಗೆ ಕುಳಿತು ಬರೆದ ಲೇಖನ ಬೇಕೇ ಬೇಕಿತ್ತು. ಈ ಸಂಪುಟದಲ್ಲಿ ನನಗೆ ಕಂಡ ದೊಡ್ಡ ಕೊರತೆ ಅದೇ.

ಇನ್ನೊಂದು ಕೊರತೆಗೆ ಯಾರನ್ನೂ ದೂರುವಂತಿಲ್ಲ. ಕೈಬರಹ ಒಬ್ಬರದಲ್ಲ, ಐವರದು ಎಂದು ಪ್ರಾಚೀನ ಲಿಪಿತಜ್ಞೆ ಲೀಸಾ ಫೇಗಿನ್ ಡೇವಿಸ್ ಪ್ರಕಟಿಸಿದ್ದು 2020ರಲ್ಲಿ, ಪುಸ್ತಕ ಬಂದ ಮೇಲೆ. ಮರುಮುದ್ರಣಕ್ಕೆ ಅವರ ಲೇಖನವೂ ಸೇರಲಿ.

ಬರಿಯ ಚಿತ್ರ ಸಾಕೆನ್ನುವವರು ಹಣ ಉಳಿಸಬಹುದು. ಮೂಲ ಪ್ರತಿಯಿರುವ ಯೇಲ್‌ನ ಬೈನೆಕಿ ಗ್ರಂಥಾಲಯ ಎಲ್ಲ ಪುಟಗಳನ್ನೂ ಅಂತರ್ಜಾಲದಲ್ಲಿ ಉಚಿತವಾಗಿ ಇಟ್ಟಿದೆ, ಕಾಗದಕ್ಕಿಂತ ಹೆಚ್ಚು ಹಿಗ್ಗಿಸಿಯೂ ನೋಡಬಹುದು. ಗುಟ್ಟು ಬಿಡಿಸುತ್ತೇನೆಂದು ಹೊರಟವರು ಮಾತ್ರ ಈ ಪುಸ್ತಕವನ್ನೇ ಕೊಳ್ಳಲಿ, ಚಿತ್ರ ತಿರುವುವ ಮೊದಲು ಸಂರಕ್ಷಣೆಯ ಲೇಖನ ಓದಲಿ.