280 ರೂಪಾಯಿಯ ಸ್ಕ್ರೂಡ್ರೈವರ್ ಸೆಟ್: ಒಂದು ವರ್ಷ ಬಳಸಿದ ಮೇಲೆ

ಕಳೆದ ವರ್ಷ ಏಪ್ರಿಲ್‌ನಲ್ಲಿ ಗದಗಿನ ಸ್ಟೇಷನ್ ರೋಡಿನ ಅಂಗಡಿಯೊಂದರಲ್ಲಿ ತಂದ ಸೆಟ್ ಇದು. 32 ಪೀಸು, 280 ರೂಪಾಯಿ. ಡಬ್ಬಿ ಮೇಲೆ ಕಂಪನಿ ಹೆಸರೇ ಇಲ್ಲ. ಒಂದು ಹಿಡಿ, ಅದಕ್ಕೆ ಸೇರಿಸುವ ಉದ್ದನೆಯ ಕಂಬಿ, ಒಂದು ಚಿಮಟ, ಉಳಿದವೆಲ್ಲ ಸಣ್ಣ ಸಣ್ಣ ಬಿಟ್‌ಗಳು. ಇದರಿಂದ ಇಲ್ಲಿಯವರೆಗೆ ಮೂರು ಲ್ಯಾಪ್‌ಟಾಪ್ ಬಿಚ್ಚಿ ಮತ್ತೆ ಕೂಡಿಸಿದ್ದೇನೆ. ಮೂರೂ ಇವತ್ತಿಗೂ ಓಡುತ್ತಿವೆ.

ನಾನು ಬೆಟಗೇರಿಯಲ್ಲಿ ಮನೆಯಲ್ಲೇ ಕೂತು ಡಿಟಿಪಿ ಮಾಡುತ್ತೇನೆ. ಗದಗಿನ ಪ್ರೆಸ್‌ಗಳಿಗೆ ಲಗ್ನಪತ್ರಿಕೆ, ಬಿಲ್ ಬುಕ್, ಜಾತ್ರೆಯ ಹ್ಯಾಂಡ್‌ಬಿಲ್. ಏಪ್ರಿಲ್, ಮೇ ಅಂದ್ರೆ ಲಗ್ನದ ಸೀಜನ್. ದಿನಕ್ಕೆ ಆರೇಳು ಪತ್ರಿಕೆ ಟೈಪ್ ಮಾಡಿ ಕಳಿಸಬೇಕು. ಸರಿಯಾಗಿ ಅದೇ ಹೊತ್ತಿಗೆ ನನ್ನ ಆರು ವರ್ಷದ ಲ್ಯಾಪ್‌ಟಾಪ್ ತಾನಾಗಿಯೇ ಬಂದ್ ಬೀಳತೊಡಗಿತು. ಮೆಸೇಜ್ ಇಲ್ಲ, ಏನಿಲ್ಲ, ಪಟಕ್ಕನೆ ಕಪ್ಪು. ಒಂದು ಸಲ 'ಸುಖಾಗಮನ ಬಯಸುವವರು' ಅಂತ ನಲವತ್ತು ಹೆಸರು ಟೈಪ್ ಮಾಡಿ ಮುಗಿಸಿದ್ದೆ. ಸೇವ್ ಮಾಡುವ ಮೊದಲೇ ಹೋಯಿತು.

ಊರಿನ ಒಂದು ಸರ್ವಿಸ್ ಅಂಗಡಿಗೆ ಒಯ್ದೆ. ಎರಡು ದಿನ ಇಟ್ಟುಕೊಂಡು, ವಿಂಡೋಸ್ ಹೊಸದಾಗಿ ಹಾಕಿ, 800 ರೂಪಾಯಿ ತಗೊಂಡರು. ಮನೆಗೆ ತಂದ ದಿನವೇ ಮತ್ತೆ ಬಂದ್. ಕನ್ನಡ ಟೈಪ್ ಮಾಡುವ ನುಡಿ ಪ್ರೋಗ್ರಾಂ, ಫಾಂಟ್‌ಗಳು, ಪ್ರಿಂಟರ್, ಎಲ್ಲ ಮೊದಲಿನಿಂದ ಹಾಕಿಕೊಳ್ಳಬೇಕಾಯಿತು. ಮುಚ್ಚಳ ಬಿಚ್ಚಿ ನೋಡಿರಲೇ ಇಲ್ಲ, ಸ್ಕ್ರೂಗಳ ತಲೆಯ ಮೇಲಿನ ಧೂಳು ಹಾಗೇ ಇತ್ತು. ಅದಕ್ಕೇ ನನಗೆ ಜಾಸ್ತಿ ಬೇಜಾರು.

ಆಮೇಲೆ ನಾನೇ ಗಮನಿಸತೊಡಗಿದೆ. ಬೆಳಿಗ್ಗೆ ಆರಕ್ಕೆ ಕೂತರೆ ಒಂದು ತಾಸು ನಡೆಯುತ್ತದೆ. ಮಧ್ಯಾಹ್ನವಾದರೆ ಇಪ್ಪತ್ತೇ ನಿಮಿಷ. ಕೆಳಗೆ ಎರಡು ಪುಸ್ತಕ ಇಟ್ಟು ಎತ್ತರ ಮಾಡಿದರೆ ಇನ್ನೊಂದು ಹತ್ತು ನಿಮಿಷ ಜಾಸ್ತಿ. ಅಂದ್ರೆ ಬಿಸಿಯದೇ ತೊಂದರೆ, ಅಲ್ವಾ? ಟಿಶ್ಯೂ ಪೇಪರಿನ ಸಣ್ಣ ಪಟ್ಟಿ ಹರಿದು, ಬಿಸಿಗಾಳಿ ಹೊರಬರುವ ಕಿಂಡಿಯ ಮುಂದೆ ಹಿಡಿದೆ. ಒಳಗೆ ಫ್ಯಾನ್ ಜೋರಾಗಿ ಕೂಗುತ್ತಿತ್ತು, ಪಟ್ಟಿ ಮಾತ್ರ ಅಲುಗಲಿಲ್ಲ. ಪ್ರೊಸೆಸರ್ ಎಷ್ಟು ಬಿಸಿಯಾಗಿದೆ ಅಂತ ತೋರಿಸುವ, ಪುಕ್ಕಟೆ ಸಿಗುವ ಕೋರ್ ಟೆಂಪ್ ಅನ್ನೋ ಪ್ರೋಗ್ರಾಂ ಹಾಕಿ ನೋಡಿದರೆ 97 ಡಿಗ್ರಿ. 100ರ ಆಸುಪಾಸಿಗೆ ಹೋದರೆ ಪ್ರೊಸೆಸರ್ ಸುಡದಿರಲಿ ಅಂತ ಲ್ಯಾಪ್‌ಟಾಪ್ ತಾನೇ ಬಂದ್ ಆಗುತ್ತದೆ. ಪಾಪ, ಅದು ತನ್ನ ಜೀವ ಉಳಿಸಿಕೊಳ್ಳುತ್ತಿತ್ತು. ಅವತ್ತೇ ಸಂಜೆ ಈ ಸೆಟ್ ತಂದೆ, ಜೊತೆಗೆ ಒಂದು ಸಣ್ಣ ಟ್ಯೂಬ್ ಥರ್ಮಲ್ ಪೇಸ್ಟ್.

ಚಾರ್ಜರ್ ತೆಗೆದೆ. ಒಂದು ಹಾಳೆಯ ಮೇಲೆ ಲ್ಯಾಪ್‌ಟಾಪಿನ ತಳದ ಚಿತ್ರ ಬರೆದು, ಯಾವ ಸ್ಕ್ರೂ ಎಲ್ಲಿಂದ ಬಂತೋ ಚಿತ್ರದಲ್ಲಿ ಅದೇ ಜಾಗಕ್ಕೆ ಸೆಲೋಟೇಪ್‌ನಿಂದ ಅಂಟಿಸುತ್ತಾ ಹೋದೆ. ಇದೊಂದನ್ನು ದಯವಿಟ್ಟು ಮಾಡಿ. ಸ್ಕ್ರೂಗಳು ನೋಡಲು ಒಂದೇ ಥರ, ಉದ್ದ ಮಾತ್ರ ಬೇರೆ ಬೇರೆ. ಗಿಡ್ಡ ಸ್ಕ್ರೂ ಜಾಗಕ್ಕೆ ಉದ್ದದ್ದನ್ನು ತಿರುಗಿಸಿದರೆ ಅದು ಬೋರ್ಡನ್ನೇ ಚುಚ್ಚಬಹುದು. ಹನ್ನೊಂದು ಸ್ಕ್ರೂ ಬಿಚ್ಚಿದರೂ ಮುಚ್ಚಳ ಏಳಲಿಲ್ಲ. ಇನ್ನೆರಡು ಹಿಂದಿನ ರಬ್ಬರ್ ಕಾಲುಗಳ ಕೆಳಗೆ ಇದ್ದವು. ಮುಚ್ಚಳ ಬರ್ತಿಲ್ಲ ಅಂದ್ರೆ ಎಲ್ಲೋ ಒಂದು ಸ್ಕ್ರೂ ಉಳಿದಿದೆ ಅಂತಲೇ ತಿಳಿಯಿರಿ, ಜಗ್ಗಬೇಡಿ. ಅಂಚಿನ ಕ್ಲಿಪ್ ಬಿಡಿಸಲು ಈ ಸೆಟ್‌ನಲ್ಲಿ ಏನೂ ಕೊಟ್ಟಿಲ್ಲ. ನಾನು ಅವಧಿ ಮುಗಿದ ಎಟಿಎಂ ಕಾರ್ಡ್ ಬಳಸಿದೆ. ಮುಚ್ಚಳ ತೆಗೆದ ಕೂಡಲೇ ಮೊದಲ ಕೆಲಸ, ಬ್ಯಾಟರಿಯ ಕನೆಕ್ಟರ್ ಬಿಡಿಸಿದ್ದು.

ಫ್ಯಾನ್ ಎತ್ತಿದೆ. ಅದಕ್ಕೂ ತಾಮ್ರದ ಜಾಳಿಗೂ ನಡುವೆ ಬೆರಳಗಲದ ಒಂದು ಪಟ್ಟಿ ಕೂತಿತ್ತು. ಬೂದು ಬಣ್ಣ, ಕಂಬಳಿ ತುಂಡಿನ ಹಾಗೆ ದಪ್ಪ. ಸೆಟ್‌ನ ಚಿಮಟದಿಂದ ಒಂದು ಮೂಲೆ ಹಿಡಿದು ಎತ್ತಿದರೆ ಇಡಿಯಾಗಿ ಎದ್ದು ಬಂತು. ಬೆಳಕಿಗೆ ಹಿಡಿದೆ. ಒಳಗೆ ಕೆಂಪು, ಹಸಿರು ಎಳೆಗಳು. ಪಕ್ಕದಲ್ಲೇ ಕೂತು ನೋಡುತ್ತಿದ್ದ ನಮ್ಮ ಅತ್ತೆ, "ಅಯ್ಯ ತಂಗಿ, ಇದು ನಮ್ಮ ಮಗ್ಗದ ನೂಲ ಐತಲ್ಲ!" ಅಂದರು.

ಹೌದು. ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಕೈಮಗ್ಗ ಇದೆ. ಅವರು ಅಲ್ಲಿ ಸೀರೆ ನೇಯುತ್ತಾರೆ, ನಾನು ನಾಲ್ಕು ಹೆಜ್ಜೆ ಆಚೆ ಕೂತು ಟೈಪ್ ಮಾಡುತ್ತೇನೆ. ಆರು ವರ್ಷ ಹಾರಿದ ಎಳೆಗಳೆಲ್ಲ ಆ ಜಾಳಿಗೆ ಹತ್ತಿ, ಧೂಳು ಸೇರಿ ಚಾಪೆಯಾಗಿದ್ದವು. ಕೆಂಪು ಎಳೆ ಯಾವ ಸೀರೆಯದು ಅಂತಲೂ ಅತ್ತೆ ಹೇಳಿದರು. ಆ ಪಟ್ಟಿಯನ್ನು ನಾನು ಎಸೆದಿಲ್ಲ, ಇನ್ನೂ ಇಟ್ಟಿದ್ದೇನೆ.

ಫ್ಯಾನಿನ ರೆಕ್ಕೆಗಳಿಗೆ ಬ್ಲೋವರ್ ಹಿಡಿಯುವಾಗ ಒಂದು ರೆಕ್ಕೆಯನ್ನು ಬೆರಳಿನಿಂದ ಒತ್ತಿ ಹಿಡಿಯಿರಿ. ಗಾಳಿಯ ರಭಸಕ್ಕೆ ಅದು ಮಿತಿ ಮೀರಿ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ. ಹೀಟ್‌ಸಿಂಕ್ ಅಂದ್ರೆ ಚಿಪ್‌ನ ಬಿಸಿ ಹೀರಿಕೊಳ್ಳುವ ತಾಮ್ರದ ಭಾಗ. ಅದರ ಸ್ಕ್ರೂಗಳ ಪಕ್ಕ 1, 2, 3, 4 ಅಂತ ಬರೆದಿತ್ತು. ಬಿಗಿಸುವಾಗ ಅದೇ ಕ್ರಮ, ಬಿಚ್ಚುವಾಗ ಉಲ್ಟಾ. ಕೆಳಗಿನ ಹಳೆಯ ಪೇಸ್ಟ್ ಒಣಗಿ ಗೋಡೆಯ ಸುಣ್ಣದ ಹಾಗೆ ಉದುರುತ್ತಿತ್ತು. ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಿಂದ ಒರೆಸಿ, ಹೊಸದನ್ನು ಅಕ್ಕಿಕಾಳಿನಷ್ಟು ಇಟ್ಟೆ. ಜಾಸ್ತಿ ಹಾಕಿದರೆ ಜಾಸ್ತಿ ತಂಪಾಗುವುದಿಲ್ಲ. ಚಿಪ್‌ಗೂ ತಾಮ್ರಕ್ಕೂ ನಡುವಿನ ಕಣ್ಣಿಗೆ ಕಾಣದ ಸಂದಿನಲ್ಲಿ ಗಾಳಿ ನಿಲ್ಲದಂತೆ ತುಂಬಿಕೊಳ್ಳುವುದಷ್ಟೇ ಅದರ ಕೆಲಸ.

ರಾತ್ರಿ ಹನ್ನೊಂದಕ್ಕೆ ಎಲ್ಲ ಕೂಡಿಸಿ, ಕೋರೆಲ್‌ಡ್ರಾ ತೆರೆದು ಒಂದು ತಾಸು ಕೆಲಸ ಮಾಡಿದೆ. 71 ಡಿಗ್ರಿ. ಟಿಶ್ಯೂ ಪಟ್ಟಿ ಹಿಡಿದರೆ ಪಟಪಟ ಬಡಿದುಕೊಂಡಿತು. ನನಗಾದ ಖುಷಿ ಹೇಳತೀರದು.

ಉಳಿದ ಎರಡು ಸುಲಭದವು. ಪಕ್ಕದ ಮನೆಯ ಬಿಕಾಂ ಹುಡುಗನ ಲ್ಯಾಪ್‌ಟಾಪಿನಲ್ಲಿ ಲೈಟು ಹತ್ತುತ್ತಿತ್ತು, ಫ್ಯಾನ್ ತಿರುಗುತ್ತಿತ್ತು, ಪರದೆ ಮಾತ್ರ ಕಪ್ಪು. ರ‍್ಯಾಮ್ (ಮೆಮೊರಿ ಪಟ್ಟಿ) ತೆಗೆದು, ಅದರ ಬಂಗಾರ ಬಣ್ಣದ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಒರೆಸಿ ಮತ್ತೆ ಕೂಡಿಸಿದೆ. ಎರಡೂ ಬದಿಯ ಕ್ಲಿಪ್ ಟಕ್ ಅನ್ನಬೇಕು. ಹತ್ತು ನಿಮಿಷದ ಕೆಲಸ. ಈಗಿನ ಕೆಲವು ತೆಳ್ಳನೆಯ ಮಾಡೆಲ್‌ಗಳಲ್ಲಿ ರ‍್ಯಾಮ್ ಬೋರ್ಡಿಗೇ ಬೆಸುಗೆ ಆಗಿರುತ್ತದೆ, ಅಲ್ಲಿ ಈ ಉಪಾಯ ನಡೆಯುವುದಿಲ್ಲ. ಇನ್ನೊಂದು, ಧಾರವಾಡದಲ್ಲಿ ಓದುವ ತಂಗಿಯದು. ಹಳೆಯ ಹಾರ್ಡ್‌ಡಿಸ್ಕ್ ತೆಗೆದು ಅದೇ ಅಳತೆಯ, ಎರಡೂವರೆ ಇಂಚಿನ ಎಸ್‌ಎಸ್‌ಡಿ, ಅಂದ್ರೆ ಒಳಗೆ ತಿರುಗುವ ಭಾಗವಿಲ್ಲದ ವೇಗದ ಡಿಸ್ಕ್, ಹಾಕಿದೆ. ಮೊದಲು ಆನ್ ಮಾಡಿ ಚಹಾ ಕುಡಿದು ಬರುತ್ತಿದ್ದಳು, ಈಗ ಅರ್ಧ ನಿಮಿಷದಲ್ಲಿ ತೆರೆಯುತ್ತದೆ.

ಇನ್ನು ಸೆಟ್‌ನ ಕೊರತೆ. ಲ್ಯಾಪ್‌ಟಾಪಿಗೆ ಹೆಚ್ಚು ಬೇಕಾಗುವುದು ಪಿಎಚ್0 ಅನ್ನೋ ಸಣ್ಣ ಪ್ಲಸ್ ಬಿಟ್. ಮೂರನೆಯ ಲ್ಯಾಪ್‌ಟಾಪಿಗೆ ಬರುವಷ್ಟರಲ್ಲಿ ಅದರ ತುದಿ ಸವೆದು ದುಂಡಗಾಯಿತು. ಕಬ್ಬಿಣ ಮೆದು. ಸವೆದ ಬಿಟ್‌ನಿಂದ ಜೋರು ಮಾಡಿದರೆ ಸ್ಕ್ರೂ ತಲೆಯೇ ಕಿತ್ತುಹೋಗುತ್ತದೆ. ಒಂದು ಸ್ಕ್ರೂ ಹಾಗಾಗುವುದರಲ್ಲಿತ್ತು. ಅಗಲದ ರಬ್ಬರ್ ಬ್ಯಾಂಡ್ ತುಂಡನ್ನು ನಡುವೆ ಇಟ್ಟು, ಒತ್ತಿ ತಿರುಗಿಸಿದ್ದಕ್ಕೆ ಬಂತು. ಮ್ಯಾಗ್ನೆಟ್ ಕೂಡ ದುರ್ಬಲ, ಸ್ಕ್ರೂ ಬಿಟ್‌ಗೆ ಅಂಟಿ ನಿಲ್ಲುವುದಿಲ್ಲ. ಒಂದು ಸಲ ಬೋರ್ಡಿನ ಕೆಳಗೆ ಬಿದ್ದು, ಇಡೀ ಲ್ಯಾಪ್‌ಟಾಪ್ ತಲೆಕೆಳಗು ಮಾಡಿ ಅಲುಗಾಡಿಸಬೇಕಾಯಿತು. 29 ಬಿಟ್‌ಗಳಲ್ಲಿ ನಾನು ಬಳಸಿದ್ದು ಮೂರನ್ನೇ. ಹಿಡಿ ಮತ್ತು ಚಿಮಟಕ್ಕೆ ಪೂರ್ತಿ ಮಾರ್ಕ್ಸ್ ಕೊಡುತ್ತೇನೆ. ಒಂದೇ ಲ್ಯಾಪ್‌ಟಾಪಿನ ಧೂಳು ತೆಗೆಯಲು ಇದು ಧಾರಾಳ ಸಾಕು. ಮತ್ತೆ ಮತ್ತೆ ಬಿಚ್ಚುವವರಾದರೆ ಒಳ್ಳೆಯ ಉಕ್ಕಿನ ಪಿಎಚ್0 ಒಂದನ್ನೇ ಬೇರೆಯಾಗಿ ತಗೊಳ್ಳಿ. ನಾನೂ 150 ರೂಪಾಯಿ ಕೊಟ್ಟು ತಂದಿಟ್ಟುಕೊಂಡೆ.

ಟಚ್‌ಪ್ಯಾಡ್ ಮೇಲೆದ್ದಿದ್ದರೆ, ತಳ ಉಬ್ಬಿದ್ದರೆ, ಬ್ಯಾಟರಿ ಊದಿರುವ ಸಾಧ್ಯತೆ ಜಾಸ್ತಿ. ಆಗ ಈ ಸೆಟ್ ಕೈಗೆತ್ತಿಕೊಳ್ಳಬೇಡಿ. ಚಾರ್ಜ್ ಹಾಕುವುದನ್ನು ನಿಲ್ಲಿಸಿ, ತಿಳಿದವರಿಗೆ ಕೊಡಿ. ಊದಿದ ಬ್ಯಾಟರಿಗೆ ಚೂಪಾದದ್ದು ತಾಗಿದರೆ ಬೆಂಕಿ ಹತ್ತಬಹುದು. ಬೋರ್ಡಿನ ಚಿಪ್ ಕೆಲಸವೂ ಮನೆಯದಲ್ಲ, ಅದಕ್ಕೆ ನಾನು ಹುಬ್ಬಳ್ಳಿ ಬಸ್ಸು ಹತ್ತುತ್ತೇನೆ.

ಈ ಮಾರ್ಚ್‌ನಲ್ಲಿ ಸೀಜನ್ ಶುರುವಾಗುವ ಮೊದಲೇ ನನ್ನದನ್ನು ಇನ್ನೊಮ್ಮೆ ಬಿಚ್ಚಿದೆ. ಅತ್ತೆ ಟಾರ್ಚ್ ಹಿಡಿದರು. ಜಾಳಿಯಲ್ಲಿ ತೆಳ್ಳಗೆ ಹಳದಿ ಎಳೆ ಕೂತಿತ್ತು. ಈ ವರ್ಷ ಅವರು ನೇಯ್ದದ್ದು ಹಳದಿ ಸೀರೆಯೇ ಜಾಸ್ತಿ.