ಊಟ, ವಸತಿಗೆ ಹೊರದೇಶದಲ್ಲಿ ದುಡಿಮೆ: ಮೂರು ವರ್ಷ ಚಂದಾ ಕಟ್ಟಿದವನ ಮಾತು

"ನಮ್ ಗದ್ದೇಲಿ ಒಂದಿನ ಕಳೆ ಕಿತ್ತವ್ನಲ್ಲ, ನೇಪಾಳಕ್ಕೆ ಹೋಗಿ ಕೀಳ್ತಾನಂತೆ" ಅಂತ ಅವ್ವ ಇಡೀ ಬೀದಿಗೆ ಕೇಳುವ ಹಾಗೆ ಹೇಳಿದ್ದಳು. ಮಂಡ್ಯದ ಪಕ್ಕ ನಾಲೆ ನೀರಲ್ಲಿ ಭತ್ತ, ಕಬ್ಬು ಬೆಳೆಯುವ ಮನೆ ನಮ್ಮದು. ಅವ್ವನ ಮಾತು ಸುಳ್ಳೇನಲ್ಲ.

ವಿಷಯ ಇಷ್ಟು. ವರ್ಷಕ್ಕೆ ಇಷ್ಟು ಅಂತ ಚಂದಾ ಕಟ್ಟಿದರೆ ಒಂದು ವೆಬ್‌ಸೈಟ್ ನಮ್ಮನ್ನು ಹೊರದೇಶದ ತೋಟ, ಹೋಂಸ್ಟೇಗಳ ಜೊತೆ ಸೇರಿಸುತ್ತದೆ. ದಿನಕ್ಕೆ ನಾಲ್ಕೈದು ಗಂಟೆ ಕೆಲಸ, ವಾರಕ್ಕೆರಡು ದಿನ ರಜೆ. ಬದಲಿಗೆ ಊಟ, ಮಲಗಲು ಜಾಗ. ಸಂಬಳ ಇಲ್ಲ. ಹೊಸದೇನಲ್ಲ ಇದು. ವೂಫ್ ಅನ್ನುವ ಸಂಸ್ಥೆ 1971ರಲ್ಲೇ ಇಂಗ್ಲೆಂಡಿನಲ್ಲಿ ಶುರುವಾಗಿದೆ. ಪೇಟೆಯವರು ಶನಿವಾರ, ಭಾನುವಾರ ಸಾವಯವ ತೋಟಕ್ಕೆ ಹೋಗಿ ಕೈಜೋಡಿಸುತ್ತಿದ್ದರು. ನಮ್ಮ ಕಡೆ ಮುಯ್ಯಾಳು ಅನ್ನಲ್ವಾ, ಕೂಲಿ ಇಲ್ಲದೆ ಒಬ್ಬರ ಗದ್ದೆಗೆ ಒಬ್ಬರು ದುಡಿಯೋದು, ಹೆಚ್ಚುಕಮ್ಮಿ ಅದೇ ಲೆಕ್ಕ.

ಎರಡು ಸಲ ಹೋದೆ, ಎರಡೂ ನೇಪಾಳಕ್ಕೆ. ಒಂದು ಕಡೆ ಮುಯ್ಯಾಳಾಗಿದ್ದೆ, ಇನ್ನೊಂದು ಕಡೆ ಬಿಟ್ಟಿ ಕೂಲಿ.

ಕೂಲಿ ಕಥೆ ಮೊದಲು. ಅದೊಂದು ಗೆಸ್ಟ್‌ಹೌಸ್. "ಸಣ್ಣಪುಟ್ಟ ಸಹಾಯ" ಅಂತ ಬರೆದಿದ್ದರು. ಬೆಳಗ್ಗೆ ಆರಕ್ಕೆ ಬೆಡ್‌ಶೀಟ್ ಒಗೆಯುವುದರಿಂದ ಶುರು, ರಾತ್ರಿ ಹತ್ತಕ್ಕೆ ಗೇಟಿಗೆ ಬೀಗ ಹಾಕುವುದೂ ನಾನೇ. ಕೇಳಿದರೆ "ಸೀಸನ್ ಭಾಯ್" ಅನ್ನುತ್ತಿದ್ದರು. ಹನ್ನೊಂದನೇ ದಿನ ಬ್ಯಾಗ್ ಎತ್ತಿಕೊಂಡು ಹೊರಟೆ. ಆಮೇಲೆ ನಡೆದದ್ದು ಇನ್ನೂ ಬೇಜಾರು. ಆ ವೆಬ್‌ಸೈಟಿನಲ್ಲಿ ನಾವು ಅವರ ಬಗ್ಗೆ ಬರೆದರೆ ಅವರೂ ನಮ್ಮ ಬಗ್ಗೆ ಬರೆಯುತ್ತಾರೆ. ನನ್ನದು ಹೊಸ ಖಾತೆ. "ಸೋಮಾರಿ" ಅಂತ ಒಂದು ಬಿದ್ದರೆ ಮುಂದೆ ಯಾರು ಕರೆಯುತ್ತಾರೆ? ಸುಮ್ನಾದೆ. ನನ್ನ ಹಾಗೆ ಎಷ್ಟು ಜನ ಸುಮ್ನಾಗಿದ್ದಾರೋ. ಅದಕ್ಕೇ ಈಗ ವೆಬ್‌ಸೈಟಿನ ರೇಟಿಂಗ್ ನಕ್ಷತ್ರ ಎಣಿಸುವುದಿಲ್ಲ. ಹೋಗುವ ಮುಂಚೆ ಎಷ್ಟು ಗಂಟೆ, ಏನು ಕೆಲಸ, ಎಲ್ಲಿ ಮಲಗುವುದು ಅಂತ ಬರೆಸಿಕೊಳ್ಳುತ್ತೇನೆ. ಹಿಂದೆ ಇದ್ದು ಹೋದ ಒಬ್ಬರಿಗಾದರೂ ಮೆಸೇಜ್ ಹಾಕಿ ವಿಚಾರಿಸುತ್ತೇನೆ.

ಮಾರನೇ ವರ್ಷ ಪೋಖರಾದಿಂದ ಮೇಲೆ ಒಂದು ಗುಡ್ಡದ ಹಳ್ಳಿ. ಮಳೆಗಾಲ. ಮನೆಯ ಹಿರಿಯ ಹೆಂಗಸನ್ನು ಎಲ್ಲರೂ ಆಮಾ ಅನ್ನುತ್ತಿದ್ದರು, ನಾನೂ ಅಂದೆ. ಮೆಟ್ಟಿಲು ಮೆಟ್ಟಿಲಾದ ಹೊಲ, ಮೆಕ್ಕೆಜೋಳದ ನಡುವೆ ಪೈರು ನೆಡಬೇಕು. "ಕೋದೋ" ಅಂತ ಒಂದು ಕಟ್ಟು ಕೈಗಿಟ್ಟರು. ನೋಡಿದರೆ ರಾಗಿ ಪೈರು! ರಾತ್ರಿ ಅದೇ ಹಿಟ್ಟಿನ ಢಿಂಡೋ. ನಮ್ಮ ಮುದ್ದೆಗಿಂತ ಮೆತ್ತಗೆ, ಉಂಡೆ ಕಟ್ಟದೆ ಹಾಗೇ ತಟ್ಟೆಗೆ ಹಾಕುತ್ತಾರೆ. ಜೊತೆಗೆ ಗುಂದ್ರುಕ್ ಸಾರು, ಅಂದರೆ ಹುಳಿ ಬರಿಸಿ ಒಣಗಿಸಿದ ಸೊಪ್ಪಿನದು. ನಾನು ಮುರಿದು, ಅದ್ದಿ, ಅಗಿಯದೆ ನುಂಗಿದೆ. ಆಮಾ ತಮ್ಮ ಕೈ ನಿಲ್ಲಿಸಿ ನನ್ನನ್ನೇ ನೋಡಿದರು. ಮಾರನೇ ದಿನದಿಂದ ನನ್ನ ತಟ್ಟೆಗೆ ಕೇಳದೆಯೇ ಎರಡು ಪಾಲು. ಮಧ್ಯಾಹ್ನದ ಮೇಲೆ ಕೆಲಸ ಮುಟ್ಟಿದರೆ ಬೈಯುತ್ತಿದ್ದರು.

ಖರ್ಚು ಜಾಸ್ತಿಯಾಗಿದ್ದು ದಾರಿಗೇ. ಮೈಸೂರಿನಿಂದ ದರ್ಭಾಂಗಕ್ಕೆ ಬಾಗ್ಮತಿ ಎಕ್ಸ್‌ಪ್ರೆಸ್ ಇದೆ, ಅಲ್ಲಿಂದ ರಕ್ಸೌಲ್ ಗಡಿ. ವೀಸಾ ಬೇಡ. ವಿಮಾನದಲ್ಲಿ ಹೋಗುವವರು ಪಾಸ್‌ಪೋರ್ಟ್ ಅಥವಾ ವೋಟರ್ ಐಡಿ ಇಟ್ಟುಕೊಳ್ಳಿ, ಆಧಾರ್ ನಂಬಿಕೊಂಡು ಹೋಗಬೇಡಿ. ನಮ್ಮ 100 ರೂಪಾಯಿಗೆ ಅಲ್ಲಿ 160.

ಯುರೋಪ್ ಕಡೆ ಹೋಗುವವರಿಗೆ ಮಾತ್ರ ಒಂದು ಮಾತು. ಟೂರಿಸ್ಟ್ ವೀಸಾದಲ್ಲಿ ಇದನ್ನು ಮಾಡಬಹುದು ಅಂತ ತಿಳಿಯಬೇಡಿ. ಬ್ರಿಟನ್ನಿನಂಥ ಕಡೆ ಊಟ, ವಸತಿ ಕೊಟ್ಟರೂ ಅದು ಸಂಬಳಕ್ಕೆ ಸಮ. ಏರ್‌ಪೋರ್ಟಿನಿಂದಲೇ ವಾಪಸ್ ಕಳಿಸಬಹುದು. ಆಸ್ಟ್ರೇಲಿಯಾ 2024ರಿಂದ ನಮ್ಮವರಿಗೂ ವರ್ಕ್ ಅಂಡ್ ಹಾಲಿಡೇ ವೀಸಾ, ಅಂದರೆ ಸುತ್ತಾಡುತ್ತಾ ಕೆಲಸವನ್ನೂ ಮಾಡಬಹುದಾದ ವೀಸಾ, ಕೊಡುತ್ತಿದೆ. 18ರಿಂದ 30 ವಯಸ್ಸು, ವರ್ಷಕ್ಕೆ 1000 ಜನ, ಲಾಟರಿ. ನನ್ನ ವಯಸ್ಸು ಮೀರಿತು ಬಿಡಿ.

ಒಟ್ಟಾರೆ ಈ ವೆಬ್‌ಸೈಟಿಗೆ ಐದಕ್ಕೆ ಮೂರೂವರೆ ಅಂಕ ಕೊಡುತ್ತೇನೆ. ಈ ವರ್ಷವೂ ಚಂದಾ ಕಟ್ಟಿದ್ದೇನೆ, ಹೋಗುವುದು ಆಮಾ ಮನೆಗೇ. ನಮ್ಮ ಗದ್ದೆ ನಾಟಿ ಮುಗಿಸಿ ಹೋಗಬೇಕು ಅನ್ನೋದು ಅವ್ವನ ಕರಾರು.